ಕೆಂಪು ಬೆಳಕು, ಪಾರ್ಕಿನ್ಸನ್ ಮತ್ತು 7 ಸೆಂಟಿಮೀಟರ್ ದೂರ

ಮುಖಕ್ಕೆ ಮಾಸ್ಕ್, ಕೂದಲಿಗೆ ಬಾಚಣಿಗೆ, ಮಂಡಿನೋವಿಗೆ ಬೆಲ್ಟ್, ಗೋಡೆಗೆ ನೇತುಹಾಕೋ ಪ್ಯಾನೆಲ್. ಕೆಂಪು ಎಲ್‌ಇಡಿ ಇರೋ ಸಾಧನಗಳ ಜಾಹೀರಾತು ಈಗ ಫೋನ್ ತೆರೆದರೆ ಸಾಕು, ಕಾಣಿಸುತ್ತೆ. ಈ ಸಾಲಿಗೆ ತಲೆಗೆ ಹಾಕಿಕೊಳ್ಳೋ ಹೆಲ್ಮೆಟ್ ಕೂಡ ಸೇರಿದೆ, ಅದರ ಜೊತೆಗೆ ಪಾರ್ಕಿನ್ಸನ್ ಕಾಯಿಲೆಯ ಹೆಸರೂ ಸೇರಿಕೊಂಡಿದೆ. ಮನೆಯಲ್ಲಿ ಕೈ ನಡುಗೋ ಅಜ್ಜನೋ ಅಜ್ಜಿಯೋ ಇದ್ದರೆ "ಇಂಜಿನಿಯರಿಂಗ್ ಓದ್ತಿದ್ದೀಯಲ್ಲ, ಇದು ಕೆಲಸ ಮಾಡುತ್ತಾ ನೋಡಿ ಹೇಳು" ಅನ್ನೋ ಪ್ರಶ್ನೆ ನಮ್ಮ ಕಡೆಗೇ ಬರುತ್ತೆ.

ಆ ಪ್ರಶ್ನೆಗೆ ಉತ್ತರವನ್ನ ಹಂತ ಹಂತವಾಗಿ ನೋಡೋಣ. ಕಾಯಿಲೆಯಲ್ಲಿ ಏನಾಗುತ್ತೆ, ಬೆಳಕು ಸೆಲ್‌ಗೆ ಏನು ಮಾಡುತ್ತೆ, ಅದು ಎಷ್ಟು ಆಳಕ್ಕೆ ಹೋಗುತ್ತೆ, ಮನುಷ್ಯರ ಮೇಲೆ ಪರೀಕ್ಷೆ ಮಾಡಿದಾಗ ಏನು ಸಿಕ್ಕಿತು.

ಕಾಯಿಲೆ ಏನು?

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯನ್ನ ವಿವರವಾಗಿ ಬರೆದರು, ಹಾಗಾಗಿ ಅವರದೇ ಹೆಸರು ಬಂತು. ಆಯುರ್ವೇದದಲ್ಲಿ ಇದಕ್ಕೆ ಹತ್ತಿರವಾದ ಹೆಸರು ಕಂಪವಾತ. ಆದ್ರೆ ನಡುಕ ಒಂದೇ ಲಕ್ಷಣ ಅಲ್ಲ. ಚಲನೆ ನಿಧಾನ ಆಗೋದು, ಮೈ ಬಿಗಿಯಾಗೋದು, ಹೆಜ್ಜೆ ಚಿಕ್ಕದಾಗೋದು, ನಿದ್ದೆ ಕೆಡೋದು, ಮಲಬದ್ಧತೆ, ಖಿನ್ನತೆ ಎಲ್ಲ ಇರಬಹುದು.

ಮಿದುಳಿನ ಮಧ್ಯಭಾಗದಲ್ಲಿ ಸಬ್‌ಸ್ಟಾನ್ಶಿಯಾ ನೈಗ್ರಾ ಅನ್ನೋ ಒಂದು ಸಣ್ಣ ಜಾಗ ಇದೆ. ಅಲ್ಲಿನ ನ್ಯೂರಾನ್‌ಗಳು ಡೋಪಮೈನ್ ತಯಾರಿಸುತ್ತವೆ. ಪಾರ್ಕಿನ್ಸನ್‌ನಲ್ಲಿ ಈ ನ್ಯೂರಾನ್‌ಗಳು ಒಂದೊಂದಾಗಿ ಸಾಯ್ತಾ ಹೋಗುತ್ತವೆ. ಲೆವೊಡೋಪಾ ಮಾತ್ರೆ ಕಡಿಮೆಯಾದ ಡೋಪಮೈನ್ ಅನ್ನ ತುಂಬಿಕೊಡುತ್ತೆ, ಆದ್ರೆ ನ್ಯೂರಾನ್ ಸಾಯೋದನ್ನ ನಿಲ್ಲಿಸಲ್ಲ. ಹಾಗೆ ನಿಲ್ಲಿಸುತ್ತೆ ಅಂತ ಸಾಬೀತಾದ ಚಿಕಿತ್ಸೆ ಇನ್ನೂ ಇಲ್ಲ. ಜನ ಹೊಸ ದಾರಿ ಹುಡುಕೋದಕ್ಕೆ, ಜಾಹೀರಾತು ಅವರನ್ನ ಸುಲಭವಾಗಿ ತಲುಪೋದಕ್ಕೆ ಇದೇ ಕಾರಣ.

ಬೆಳಕಿಗೂ ಸೆಲ್‌ಗೂ ಏನು ಸಂಬಂಧ?

ಇದು ಪೂರ್ತಿ ಕಟ್ಟುಕಥೆ ಏನಲ್ಲ. 1967ರಲ್ಲಿ ಬುಡಾಪೆಸ್ಟ್‌ನ ಎಂಡ್ರೆ ಮೆಸ್ಟರ್ ಕೂದಲು ಬೋಳಿಸಿದ ಇಲಿಗಳ ಮೇಲೆ ರೂಬಿ ಲೇಸರ್ ಬಿಟ್ಟಾಗ, ಬೆಳಕು ಬಿದ್ದ ಇಲಿಗಳಿಗೆ ಕೂದಲು ಬೇಗ ಬೆಳೆಯಿತು. ಅಲ್ಲಿಂದ ಶುರುವಾದ ವಿಷಯಕ್ಕೆ ಈಗ ಫೋಟೋಬಯೋಮಾಡ್ಯುಲೇಷನ್ ಅಂತ ಹೆಸರು. ಸಾಮಾನ್ಯವಾಗಿ 630ರಿಂದ 670 ನ್ಯಾನೋಮೀಟರ್ ಕೆಂಪು ಬೆಳಕು, ಅಥವಾ 810ರಿಂದ 850 ನ್ಯಾನೋಮೀಟರ್ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಳಸುತ್ತಾರೆ.

ಹೆಚ್ಚಿನವರು ಕೊಡೋ ವಿವರಣೆ ಹೀಗಿದೆ. ಸೆಲ್‌ನ ಪವರ್ ಹೌಸ್ ಆದ ಮೈಟೋಕಾಂಡ್ರಿಯಾದಲ್ಲಿ ಸೈಟೋಕ್ರೋಮ್ ಸಿ ಆಕ್ಸಿಡೇಸ್ ಅನ್ನೋ ಎಂಜೈಮ್ ಇದೆ. ಅದು ಈ ಬೆಳಕನ್ನ ಹೀರಿಕೊಂಡಾಗ ಎಟಿಪಿ ಉತ್ಪಾದನೆ ಸುಧಾರಿಸುತ್ತೆ ಅನ್ನೋದು ವಾದ. ಪಾರ್ಕಿನ್ಸನ್‌ಗೂ ಮೈಟೋಕಾಂಡ್ರಿಯಾಗೂ ನಂಟು ಇದೆ ಅನ್ನೋದಂತೂ ಗಟ್ಟಿ. 1980ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಲಬೆರಕೆಯ ಕೃತಕ ಮಾದಕವಸ್ತು ಚುಚ್ಚಿಕೊಂಡ ಕೆಲವು ಯುವಕರಿಗೆ ದಿಢೀರನೆ ಪಾರ್ಕಿನ್ಸನ್ ಲಕ್ಷಣಗಳು ಬಂದವು. ಕಾರಣ ಎಂಪಿಟಿಪಿ ಅನ್ನೋ ರಾಸಾಯನಿಕ. ಅದು ದೇಹದೊಳಗೆ ರೂಪ ಬದಲಿಸಿ, ಡೋಪಮೈನ್ ನ್ಯೂರಾನ್‌ಗಳ ಮೈಟೋಕಾಂಡ್ರಿಯಾವನ್ನೇ ಹಾಳು ಮಾಡುತ್ತೆ.

ಅದೇ ಎಂಪಿಟಿಪಿ ಕೊಟ್ಟ ಇಲಿಗಳ ಮೇಲೆ ಕೆಂಪು ಮತ್ತು ಇನ್‌ಫ್ರಾರೆಡ್ ಬೆಳಕು ಬಿಟ್ಟು ನೋಡಿದಾಗ, ಹೆಚ್ಚು ನ್ಯೂರಾನ್‌ಗಳು ಉಳಿದವು ಅಂತ ಆಸ್ಟ್ರೇಲಿಯಾದ ಜಾನ್ ಮಿಟ್ರೋಫಾನಿಸ್ ತಂಡ ಮತ್ತು ಇತರರು ವರದಿ ಮಾಡಿದ್ದಾರೆ. ಹಾಗಾದ್ರೆ ಮನುಷ್ಯರಿಗೂ ಕೊಟ್ಟುಬಿಡೋಣ ಅನ್ನಿಸೋದು ಸಹಜ. ಆದ್ರೆ ಅಲ್ಲೊಂದು ಲೆಕ್ಕ ಅಡ್ಡ ಬರುತ್ತೆ.

7 ಸೆಂಟಿಮೀಟರ್ ಲೆಕ್ಕ

ಇಲಿಯ ಮಿದುಳಿನಲ್ಲಿ ಸಬ್‌ಸ್ಟಾನ್ಶಿಯಾ ನೈಗ್ರಾ ಮೇಲ್ಮೈಯಿಂದ 5 ಮಿಲಿಮೀಟರ್ ಆಸುಪಾಸಿನಲ್ಲಿದೆ. ಮನುಷ್ಯರಲ್ಲಿ ತಲೆಯ ಮೇಲಿಂದ ಸುಮಾರು 7 ಸೆಂಟಿಮೀಟರ್ ಆಳ. ನಡುವೆ ಕೂದಲು, ಚರ್ಮ, ಮೂಳೆ, ರಕ್ತ, ಮಿದುಳಿನ ಭಾಗಗಳು ಎಲ್ಲ ಇವೆ. ಇವೆಲ್ಲ ಬೆಳಕನ್ನ ಹೀರುತ್ತವೆ, ಚದುರಿಸುತ್ತವೆ.

ಬೆಳಕು ಹೀಗೆ ಕಡಿಮೆಯಾಗೋದು ಸರಳ ರೇಖೆಯಲ್ಲಿ ಅಲ್ಲ, ಎಕ್ಸ್‌ಪೊನೆನ್ಶಿಯಲ್ ಆಗಿ. ಫಿಸಿಕ್ಸ್‌ನಲ್ಲಿ ಓದಿದ ಬಿಯರ್-ಲ್ಯಾಂಬರ್ಟ್ ನಿಯಮ ನೆನಪಿಸಿಕೊಳ್ಳಿ. ಪ್ರತಿ 5 ಮಿಲಿಮೀಟರ್‌ಗೆ ಬೆಳಕು ಅರ್ಧ ಆಗುತ್ತೆ ಅಂತ ಇಟ್ಟುಕೊಳ್ಳೋಣ. ಇದು ಬೆಳಕಿನ ಪರವಾಗಿಯೇ ಮಾಡಿದ ಊಹೆ, ನಿಜವಾದ ಅಂಗಾಂಶದಲ್ಲಿ ಇನ್ನೂ ಬೇಗ ಕಡಿಮೆಯಾಗುತ್ತೆ. ಇಲಿಗೆ ಅರ್ಧ ಬೆಳಕು ತಲುಪುತ್ತೆ. ಮನುಷ್ಯರಿಗೆ 70 ಮಿಲಿಮೀಟರ್ ಅಂದ್ರೆ 14 ಸಲ ಅರ್ಧ ಮಾಡಬೇಕು, ಉತ್ತರ 16,384ರಲ್ಲಿ ಒಂದು ಭಾಗ. ಪವರ್ ಹೆಚ್ಚಿಸಿ ಇದನ್ನ ಸರಿದೂಗಿಸೋಕೂ ಆಗಲ್ಲ, ಯಾಕಂದ್ರೆ ಅದಕ್ಕೂ ಮೊದಲೇ ತಲೆಯ ಚರ್ಮ ಸುಡುತ್ತೆ.

ಈ ಸಮಸ್ಯೆ ಸಂಶೋಧಕರಿಗೂ ಗೊತ್ತಿದೆ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಒಂದು ತಂಡ ಕೋತಿಗಳ ಮಿದುಳಿನ ಒಳಗೇ ಆಪ್ಟಿಕಲ್ ಫೈಬರ್ ಇಟ್ಟು ಬೆಳಕು ಕೊಟ್ಟು ನೋಡಿದ್ದು ಇದಕ್ಕೇ. ಇನ್ನೊಂದು ವಾದವೂ ಇದೆ: ಬೆಳಕು ನೇರವಾಗಿ ಅಲ್ಲಿಗೆ ತಲುಪಬೇಕಿಲ್ಲ, ರಕ್ತ ಅಥವಾ ರೋಗನಿರೋಧಕ ಸೆಲ್‌ಗಳ ಮೂಲಕ ಪರೋಕ್ಷ ಪರಿಣಾಮ ಆಗಬಹುದು ಅಂತ. ಇಲಿಗಳ ತಲೆಗೆ ಅಲ್ಯೂಮಿನಿಯಂ ಫಾಯಿಲ್ ಮುಚ್ಚಿ ಮೈಗೆ ಮಾತ್ರ ಬೆಳಕು ಕೊಟ್ಟಾಗಲೂ ಸ್ವಲ್ಪ ರಕ್ಷಣೆ ಕಂಡಿತು ಅಂತ 2014ರ ಒಂದು ಅಧ್ಯಯನ ಹೇಳುತ್ತೆ. ಅಂದ್ರೆ 7 ಸೆಂಟಿಮೀಟರ್ ಲೆಕ್ಕ ಒಂದರಿಂದಲೇ ಬಾಗಿಲು ಮುಚ್ಚೋಕಾಗಲ್ಲ. ಮನುಷ್ಯರ ಮೇಲೆ ನೋಡಲೇಬೇಕು.

ಮನುಷ್ಯರ ಮೇಲೆ ನೋಡಿದಾಗ

2021ರಲ್ಲಿ ಆಸ್ಟ್ರೇಲಿಯಾದ ಒಂದು ಅಧ್ಯಯನ ಪ್ರಕಟವಾಯಿತು. 12 ಜನ ಪಾರ್ಕಿನ್ಸನ್ ರೋಗಿಗಳು, ತಲೆ, ಕುತ್ತಿಗೆ, ಹೊಟ್ಟೆಗೆ ಬೆಳಕು. ನಡಿಗೆ, ಬ್ಯಾಲೆನ್ಸ್ ಎಲ್ಲ ಸುಧಾರಿಸಿತು ಅಂತ ವರದಿ. ಆದ್ರೆ ಹೋಲಿಸಿ ನೋಡೋಕೆ ನಕಲಿ ಬೆಳಕು ಪಡೆದ ಗುಂಪು ಅಲ್ಲಿ ಇರಲಿಲ್ಲ.

ಆ ಕೊರತೆ ತುಂಬಿದ ಪರೀಕ್ಷೆ 2023ರಲ್ಲಿ ಬಂತು, ಅದೂ ಆಸ್ಟ್ರೇಲಿಯಾದ್ದೇ. 40 ಜನ. 20 ಜನಕ್ಕೆ ಬೆಳಕಿನ ಹೆಲ್ಮೆಟ್, 20 ಜನಕ್ಕೆ ಚಿಕಿತ್ಸೆಯ ಬೆಳಕೇ ಇಲ್ಲದ ನಕಲಿ ಹೆಲ್ಮೆಟ್. ಮನೆಯಲ್ಲೇ 12 ವಾರ ಬಳಕೆ. ಮುಖ್ಯ ಉದ್ದೇಶ ಇದು ಸುರಕ್ಷಿತವಾ, ಮನೆಯಲ್ಲಿ ಮಾಡೋಕೆ ಆಗುತ್ತಾ ಅಂತ ನೋಡೋದು. ಅದಕ್ಕೆ ಉತ್ತರ ಹೌದು ಅಂತಲೇ ಬಂತು. ಜೊತೆಗೆ ಚಲನೆಯ ಸ್ಕೋರ್ ಕೂಡ ಅಳೆದರು. ಈ ಸ್ಕೋರ್ 0ರಿಂದ 132ರವರೆಗೆ ಇರುತ್ತೆ, ಕಡಿಮೆ ಇದ್ದಷ್ಟೂ ಒಳ್ಳೇದು.

ನಿಜವಾದ ಬೆಳಕು ಪಡೆದವರ ಸರಾಸರಿ 21.3ರಿಂದ 16.5ಕ್ಕೆ ಇಳಿಯಿತು, ಅಂದ್ರೆ 4.8 ಅಂಕ ಸುಧಾರಣೆ. ಇಷ್ಟನ್ನೇ ಜಾಹೀರಾತಿನಲ್ಲಿ ಹಾಕಿದ್ರೆ ಯಾರಿಗಾದ್ರೂ ಆಸೆ ಆಗುತ್ತೆ. ಆದ್ರೆ ನಕಲಿ ಹೆಲ್ಮೆಟ್ ಹಾಕಿಕೊಂಡವರದ್ದು 26.8ರಿಂದ 20.4ಕ್ಕೆ ಇಳಿಯಿತು, ಅಂದ್ರೆ 6.4 ಅಂಕ! ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಯಾವ ಹಂತದಲ್ಲೂ ಸಿಗಲಿಲ್ಲ.

ಇನ್ನೊಂದು ಮಾತನ್ನೂ ಹೇಳಬೇಕು. ನಕಲಿ ಗುಂಪಿನಲ್ಲಿದ್ದವರಿಗೆ ಆಮೇಲೆ ನಿಜವಾದ ಬೆಳಕು ತಗೊಳ್ಳೋ ಅವಕಾಶ ಕೊಟ್ಟರು. ಅದನ್ನ 12 ಜನ ಪೂರ್ತಿ ಮಾಡಿದರು, ಅವರ ಸರಾಸರಿ 12.2ಕ್ಕೆ ಇಳಿಯಿತು. ಒಳ್ಳೇ ಸಂಖ್ಯೆಯೇ. ಆದ್ರೆ ಈ ಸಲ ತಮಗೆ ಸಿಗ್ತಿರೋದು ನಿಜವಾದ ಬೆಳಕು ಅಂತ ಅವರಿಗೆ ಗೊತ್ತಿತ್ತು, ಪಕ್ಕದಲ್ಲಿ ಹೋಲಿಕೆಗೆ ನಕಲಿ ಗುಂಪು ಇರಲಿಲ್ಲ. ಅದರಿಂದ ಇನ್ನೂ ದೊಡ್ಡ ಪರೀಕ್ಷೆ ಮಾಡಬಹುದು ಅಂತ ಹೇಳಬಹುದೇ ಹೊರತು, ಮನೆಗೆ ತನ್ನಿ ಅಂತ ಹೇಳೋಕಾಗಲ್ಲ.

ನಕಲಿ ಹೆಲ್ಮೆಟ್ ಹೇಗೆ ಕೆಲಸ ಮಾಡಿತು?

ನಮಗೆ ತುಂಬಾ ಆಶ್ಚರ್ಯ ಆಗಿದ್ದು ಈ ಭಾಗ. ಪಾರ್ಕಿನ್ಸನ್‌ನಲ್ಲಿ ಪ್ಲಸೀಬೊ ಪರಿಣಾಮ ವಿಶೇಷವಾಗಿ ಜೋರು. 2001ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಪಿಇಟಿ ಸ್ಕ್ಯಾನ್ ಮಾಡಿ ನೋಡಿದಾಗ, ಔಷಧಿ ಸಿಗುತ್ತೆ ಅಂತ ನಿರೀಕ್ಷಿಸುತ್ತಿದ್ದ ರೋಗಿಗಳ ಮಿದುಳಿನಲ್ಲಿ ಸುಳ್ಳು ಔಷಧಿಯಿಂದಲೇ ಡೋಪಮೈನ್ ಬಿಡುಗಡೆ ಆಗಿತ್ತು. ಒಳ್ಳೇದಾಗುತ್ತೆ ಅನ್ನೋ ನಿರೀಕ್ಷೆಗೆ ಮಿದುಳು ಬಳಸೋದು ಇದೇ ಡೋಪಮೈನ್ ಅನ್ನ. ಹಾಗಾಗಿ "ಹಾಕಿಕೊಂಡ ಮೇಲೆ ನಡಿಗೆ ಹಗುರ ಆಯ್ತು" ಅಂತ ತಾತ ಹೇಳಿದ್ರೆ ಅವರು ಸುಳ್ಳು ಹೇಳ್ತಿಲ್ಲ, ಅದು ಬರೀ ಭ್ರಮೆಯೂ ಅಲ್ಲ. ಆದ್ರೆ ಅದು ಬೆಳಕಿನಿಂದಲೇ ಆಯ್ತು ಅನ್ನೋದಕ್ಕೆ ಅವರ ಅನುಭವ ಸಾಕ್ಷಿ ಆಗಲ್ಲ.

2015ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ 12 ರೋಗಿಗಳಿಗೆ ಎರಡು ಇಂಜೆಕ್ಷನ್ ಕೊಟ್ಟರು. ಒಂದರ ಬೆಲೆ 100 ಡಾಲರ್, ಇನ್ನೊಂದರದು 1,500 ಡಾಲರ್ ಅಂತ ಹೇಳಿದರು. ಎರಡರಲ್ಲೂ ಇದ್ದದ್ದು ಬರೀ ಉಪ್ಪುನೀರು. ದುಬಾರಿ ಅಂತ ಹೇಳಿದ ಉಪ್ಪುನೀರೇ ಹೆಚ್ಚು ಕೆಲಸ ಮಾಡಿತು. ದುಬಾರಿ ಹೆಲ್ಮೆಟ್ ಬಗ್ಗೆ ಬರೋ ಒಳ್ಳೇ ಮಾತುಗಳನ್ನ ಕೇಳುವಾಗ ಈ ಪ್ರಯೋಗ ನೆನಪಿರಲಿ.

ಬಾಕ್ಸ್ ಮೇಲೆ ಏನು ನೋಡಬೇಕು?

ಮೊದಲನೇದು, "ಎಫ್‌ಡಿಎ ಅನುಮತಿ" ಅಂತ ಇದ್ದರೆ ಯಾವುದಕ್ಕೆ ಅಂತ ಕೇಳಿ. ಕೂದಲು, ಚರ್ಮ, ನೋವಿನ ಉಪಯೋಗಕ್ಕೆ ಸಿಕ್ಕ ಅನುಮತಿ ಪಾರ್ಕಿನ್ಸನ್‌ಗೆ ಅನ್ವಯ ಆಗಲ್ಲ.

ಎರಡನೇದು, ವ್ಯಾಟ್ ನೋಡಿ ಮರುಳಾಗಬೇಡಿ. ಅದು ಸಾಧನ ಎಳೆಯೋ ಕರೆಂಟಿನ ಲೆಕ್ಕ ಇರಬಹುದು. ಬೇಕಾಗಿರೋದು ಚರ್ಮದ ಮೇಲೆ ಬೀಳೋ ಬೆಳಕಿನ ತೀವ್ರತೆ. ಒಂದು ಚದರ ಸೆಂಟಿಮೀಟರ್‌ಗೆ 50 ಮಿಲಿವ್ಯಾಟ್ ಇದ್ದು 10 ನಿಮಿಷ ಕೂತರೆ ಡೋಸ್ 30 ಜೂಲ್. ಪ್ಯಾನೆಲ್‌ನಿಂದ ಸ್ವಲ್ಪ ಹಿಂದೆ ಕೂತರೆ ಈ ಲೆಕ್ಕವೇ ಬದಲಾಗುತ್ತೆ. ಇಲ್ಲಿ ಡೋಸ್ ಜಾಸ್ತಿ ಆದಷ್ಟೂ ಒಳ್ಳೇದು ಅಂತಲೂ ಇಲ್ಲ, ಒಂದು ಮಿತಿ ದಾಟಿದ್ರೆ ಪರಿಣಾಮ ಕಡಿಮೆಯಾಗೋದನ್ನ ಲ್ಯಾಬ್‌ಗಳಲ್ಲಿ ಕಂಡಿದ್ದಾರೆ.

ಮೂರನೇದು ಕಣ್ಣು. ಇನ್‌ಫ್ರಾರೆಡ್ ಕಾಣಿಸೋದಿಲ್ಲ, ಹಾಗಾಗಿ ರೆಪ್ಪೆ ತಾನಾಗಿ ಮುಚ್ಚಲ್ಲ. ಹತ್ತಿರದಿಂದ ನೇರವಾಗಿ ನೋಡಲೇಬಾರದು.

ನಾಲ್ಕನೇದು, "ಬೆಳಕಿನ ಚಿಕಿತ್ಸೆ" ಅಂದ್ರೆ ಎಲ್ಲ ಒಂದೇ ಅಲ್ಲ. 2017ರಲ್ಲಿ ಅಮೆರಿಕದಲ್ಲಿ 31 ಪಾರ್ಕಿನ್ಸನ್ ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ಕಣ್ಣಿನ ಮೂಲಕ ಕೊಟ್ಟ ಪ್ರಖರ ಬೆಳಕು ಹಗಲಿನ ತೂಕಡಿಕೆ ಕಡಿಮೆ ಮಾಡಿತು. ತಮಾಷೆ ಏನಂದ್ರೆ, ಆ ಪರೀಕ್ಷೆಯಲ್ಲಿ ಹೋಲಿಕೆಗೆ ಅಂತ ಬಳಸಿದ್ದೇ ಮಂದವಾದ ಕೆಂಪು ಬೆಳಕು.

ಹಾಗಾದ್ರೆ ಮನೆಯಲ್ಲಿ ಏನು ಮಾಡಬಹುದು?

ಮನೆಯಲ್ಲಿ ಇಟ್ಟುಕೊಳ್ಳೋ ಯಂತ್ರವೇ ಬೇಕು ಅಂದ್ರೆ, ಇದಕ್ಕಿಂತ ಗಟ್ಟಿ ಸಾಕ್ಷಿ ಇರೋದು ವ್ಯಾಯಾಮದ ಸೈಕಲ್‌ಗೆ. ನೆದರ್‌ಲ್ಯಾಂಡ್ಸ್‌ನಲ್ಲಿ 130 ರೋಗಿಗಳನ್ನ ಎರಡು ಗುಂಪು ಮಾಡಿದರು. ಒಂದು ಗುಂಪು ಮನೆಯಲ್ಲೇ ನಿಂತ ಸೈಕಲ್ ತುಳಿಯಿತು, ಇನ್ನೊಂದು ಸ್ಟ್ರೆಚಿಂಗ್ ಮಾಡಿತು. 6 ತಿಂಗಳ ನಂತರ, ಔಷಧಿಯ ಪ್ರಭಾವ ಇಲ್ಲದಾಗ ಅಳೆದ ಚಲನೆಯ ಸ್ಕೋರ್‌ನಲ್ಲಿ ಸೈಕಲ್ ಗುಂಪು 4.2 ಅಂಕ ಮುಂದಿತ್ತು. 2019ರಲ್ಲಿ ಪ್ರಕಟವಾದ ಈ ಫಲಿತಾಂಶ ಗುಂಪುಗಳ ನಡುವಿನ ವ್ಯತ್ಯಾಸ, ಹೆಲ್ಮೆಟ್ ಪರೀಕ್ಷೆಯಲ್ಲಿ ಸಿಗದೇ ಇದ್ದದ್ದು ಇದೇ. ಶುರು ಮಾಡೋ ಮುಂಚೆ ಹೃದಯ, ಬ್ಯಾಲೆನ್ಸ್ ಬಗ್ಗೆ ಡಾಕ್ಟರನ್ನ ಕೇಳಬೇಕು ಅಷ್ಟೇ.

ಈಗಾಗಲೇ ಮನೆಯಲ್ಲಿ ಕೆಂಪು ಪ್ಯಾನೆಲ್ ಇದ್ದರೆ ಜಗಳ ಆಡೋ ಅಗತ್ಯ ಇಲ್ಲ. ಸರಿಯಾಗಿ ಬಳಸಿದ್ರೆ ದೊಡ್ಡ ತೊಂದರೆ ಪರೀಕ್ಷೆಗಳಲ್ಲಿ ಕಂಡಿಲ್ಲ. ಬಳಸೋದನ್ನ ನ್ಯೂರಾಲಜಿಸ್ಟ್‌ಗೆ ತಿಳಿಸಿ. ಆದ್ರೆ ಹುಷಾರ್ ಆಯ್ತು ಅಂತ ಲೆವೊಡೋಪಾ ಮಾತ್ರೆಯನ್ನ ತಾವೇ ಕಡಿಮೆ ಮಾಡಬಾರದು, ಒಮ್ಮೆಲೇ ನಿಲ್ಲಿಸೋದು ನಿಜವಾಗ್ಲೂ ಅಪಾಯ.

ಹೊಸದಾಗಿ ಕೊಳ್ಳೋದಾ ಅಂತ ಕೇಳಿದ್ರೆ, ಇವತ್ತಿನ ಸಾಕ್ಷಿ ನೋಡಿ ನಾವು ಹೇಳೋದು: ಸದ್ಯಕ್ಕೆ ಬೇಡ. ಅದೇ ದುಡ್ಡು ಒಳ್ಳೆ ಫಿಸಿಯೋಥೆರಪಿಗೆ, ಬಚ್ಚಲಮನೆಯಲ್ಲಿ ಹಿಡಿದುಕೊಳ್ಳೋ ಕಂಬಿಗೆ, ಜಾರದ ಚಪ್ಪಲಿಗೆ ಹೋಗಲಿ. ದೊಡ್ಡ ಪರೀಕ್ಷೆಯಲ್ಲಿ ನಕಲಿ ಹೆಲ್ಮೆಟ್ಟನ್ನ ನಿಜವಾದ ಹೆಲ್ಮೆಟ್ ಸೋಲಿಸಿದ ದಿನ ಈ ಉತ್ತರ ಬದಲಾಗುತ್ತೆ, ಆಗ ಇದೇ ಪತ್ರಿಕೆಯಲ್ಲಿ ಇನ್ನೊಂದು ಲೇಖನ ಬರೆಯೋಣ.