ಒತ್ತೆಯ ಹೊದಿಕೆ, ಚಳಿಗಾಲದ ಕರೆಂಟು



ವಿಮೋಚನಕಾಂಡದ 22ನೇ ಅಧ್ಯಾಯದಲ್ಲೂ ಧರ್ಮೋಪದೇಶಕಾಂಡದ 24ನೇ ಅಧ್ಯಾಯದಲ್ಲೂ ಸಾಲದ ಬಗ್ಗೆ ಒಂದು ಕಟ್ಟಳೆಯಿದೆ. ಬಡವನು ತನ್ನ ಹೊದಿಕೆಯನ್ನು ಒತ್ತೆಯಿಟ್ಟಿದ್ದರೆ, ಸಾಲ ಕೊಟ್ಟವನು ಅದನ್ನು ಹೊತ್ತು ಮುಳುಗುವಷ್ಟರಲ್ಲಿ ಹಿಂದಿರುಗಿಸಬೇಕು. ರಾತ್ರಿ ಹೊದೆಯಲು ಅವನಿಗೆ ಬೇರೇನೂ ಇಲ್ಲ ಎಂಬುದೇ ಕಾರಣ. ಗಮನಿಸಿ, ಇಲ್ಲಿ ಸಾಲ ಮನ್ನಾ ಆಗಲಿಲ್ಲ. ಬೆಳಗಾದರೆ ಸಾಲ ಸಾಲವೇ. ಆದರೆ ವಸೂಲಿಗಾಗಿ ಒಬ್ಬನನ್ನು ಚಳಿಗೆ ಒಡ್ಡುವಂತಿಲ್ಲ. ಬೀಸುವ ಕಲ್ಲನ್ನು ಒತ್ತೆ ಹಿಡಿಯಬಾರದು, ಒತ್ತೆ ಕೇಳಲು ಬಂದವನು ಮನೆಯೊಳಗೆ ನುಗ್ಗದೆ ಹೊರಗೇ ನಿಲ್ಲಬೇಕು ಎಂಬ ನಿಯಮಗಳೂ ಧರ್ಮೋಪದೇಶಕಾಂಡದ ಅದೇ ಅಧ್ಯಾಯದಲ್ಲಿವೆ.

ಇದನ್ನು ನಮ್ಮ ಕಾಲದ ಕರೆಂಟ್ ಬಿಲ್ಲಿನ ಪಕ್ಕದಲ್ಲಿಟ್ಟು ಓದೋಣ.

ಮೊದಲು ಫ್ರಾನ್ಸ್ ದೇಶದ ಸಂಗತಿ. ಅಲ್ಲಿ 1954ರ ಚಳಿಗಾಲ ಬಹಳ ಕಠಿಣವಾಗಿತ್ತು. ಫೆಬ್ರವರಿ 1ರಂದು ಅಬೆ ಪಿಯೆರ್ ಎಂದು ಹೆಸರಾಗಿದ್ದ ಗುರುವೊಬ್ಬರು ರೇಡಿಯೋದಲ್ಲಿ ಮಾತನಾಡಿದರು. ಪ್ಯಾರಿಸಿನ ಬೀದಿಯಲ್ಲಿ ಹೆಂಗಸೊಬ್ಬಳು ಚಳಿಗೆ ಸತ್ತುಹೋದಳು, ಎರಡು ದಿನ ಹಿಂದೆ ಅವಳನ್ನು ಮನೆಯಿಂದ ಹೊರಹಾಕಿದ ಕಾಗದ ಇನ್ನೂ ಅವಳ ಕೈಯಲ್ಲಿತ್ತು ಎಂದರು. ಜನ ಕಂಬಳಿಗಳನ್ನೂ ಹಣವನ್ನೂ ತಂದು ಸುರಿದರು. 1956ರ ಡಿಸೆಂಬರಿನಲ್ಲಿ, ಚಳಿಗಾಲದಲ್ಲಿ ಬಾಡಿಗೆದಾರರನ್ನು ಹೊರಹಾಕಬಾರದೆಂಬ ಕಾನೂನೇ ಬಂತು. (ಇದೇ ಗುರುವಿನ ಮೇಲೆ ಹಲವು ಮಹಿಳೆಯರು ಮಾಡಿದ ಲೈಂಗಿಕ ದೌರ್ಜನ್ಯದ ಆರೋಪಗಳನ್ನು ಅವರೇ ಸ್ಥಾಪಿಸಿದ ಎಮ್ಮಾವುಸ್ ಸಂಸ್ಥೆ 2024ರಲ್ಲಿ ಬಹಿರಂಗಪಡಿಸಿತು. ಅದನ್ನು ಮುಚ್ಚಿಟ್ಟು ಅವರ ಹೆಸರೆತ್ತುವುದು ಸರಿಯಲ್ಲ.)

2013ರ ಇನ್ನೊಂದು ಕಾನೂನು ಆ ರಕ್ಷಣೆಯನ್ನು ವಿದ್ಯುತ್ತು ಮತ್ತು ಗ್ಯಾಸಿಗೂ ವಿಸ್ತರಿಸಿತು. ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಬಿಲ್ ಬಾಕಿಯಿದೆ ಎಂದು ವಾಸದ ಮನೆಯ ಸಂಪರ್ಕ ಕಡಿಯುವಂತಿಲ್ಲ. ಕೆಲವರಿಗೆ ಕರೆಂಟಿನ ಪ್ರಮಾಣ ತಗ್ಗಿಸಬಹುದು, ಪೂರ್ತಿ ನಿಲ್ಲಿಸುವಂತಿಲ್ಲ. ಬಾಕಿ ಹಾಗೇ ಉಳಿಯುತ್ತದೆ, ಏಪ್ರಿಲ್ ಬಂದರೆ ಕಂಪನಿ ಕೇಳುತ್ತದೆ. ಹೊದಿಕೆಯ ಕಟ್ಟಳೆಯೂ ಹೇಳಿದ್ದು ಇಷ್ಟನ್ನೇ.

ಬ್ರಿಟನ್ನಿನಲ್ಲೂ ಒಂಟಿಯಾಗಿರುವ ಪಿಂಚಣಿ ವಯಸ್ಸಿನವರ ಸಂಪರ್ಕವನ್ನು ಚಳಿಗಾಲದಲ್ಲಿ ಕಡಿಯಬಾರದೆಂಬ ನಿಯಮವಿದೆ. ಒಳ್ಳೆಯದೇ. ಆದರೆ ಅಲ್ಲಿ ಪ್ರೀಪೇಯ್ಡ್ ಮೀಟರುಗಳಿವೆ. ಹಣ ಮುಗಿದರೆ ದೀಪ ತಾನಾಗಿಯೇ ಆರುತ್ತದೆ. ಕಡಿದವರು ಯಾರೂ ಇಲ್ಲ! ಬಾಕಿದಾರರ ಮನೆಗಳಿಗೆ ಕೋರ್ಟಿನ ವಾರಂಟ್ ಹಿಡಿದು ನುಗ್ಗಿ ಇಂಥ ಮೀಟರ್ ಕೂರಿಸಿದ ಸುದ್ದಿ ದೊಡ್ಡ ಗದ್ದಲವಾಗಿ, 2023ರ ಫೆಬ್ರವರಿಯಲ್ಲಿ ಅದನ್ನು ತಡೆಹಿಡಿಯಲಾಯಿತು. ಆಮೇಲೆ ಬಿಗಿಯಾದ ನಿಯಮಗಳೊಂದಿಗೆ ಮಾತ್ರ ಅನುಮತಿ ಕೊಟ್ಟರು. ಒತ್ತೆ ಕೇಳುವವನು ಹೊರಗೇ ನಿಲ್ಲಬೇಕು ಎಂದದ್ದು ಏಕೆಂದು ಇಲ್ಲಿ ಅರ್ಥವಾಗುತ್ತದೆ.

ನಮ್ಮ ದೇಶದ ವಿದ್ಯುತ್ ಕಾಯ್ದೆಯಲ್ಲಿ ಚಳಿಗಾಲದ ಮಾತಿಲ್ಲ. ಆದರೂ 2003ರ ಆ ಕಾಯ್ದೆಯ 56ನೇ ಕಲಮನ್ನು ಪ್ರತಿ ಮನೆಯವರೂ ತಿಳಿದಿರಬೇಕು. ಬಾಕಿಗಾಗಿ ಸಂಪರ್ಕ ಕಡಿಯುವ ಮೊದಲು ಪೂರ್ತಿ 15 ದಿನಗಳ ಲಿಖಿತ ನೋಟೀಸು ಕೊಡಬೇಕು. ಬಿಲ್ಲೇ ತಪ್ಪಾಗಿದೆ ಅನ್ನಿಸಿದರೆ, ಆಕ್ಷೇಪ ದಾಖಲಿಸಿ, ಕೇಳಿದ ಮೊತ್ತವನ್ನೋ ಹಿಂದಿನ ಆರು ತಿಂಗಳ ಸರಾಸರಿಯ ಲೆಕ್ಕದ ಮೊತ್ತವನ್ನೋ, ಯಾವುದು ಕಡಿಮೆಯೋ ಅದನ್ನು ಕಟ್ಟಿದರೆ, ವಿವಾದ ತೀರುವವರೆಗೆ ಕರೆಂಟ್ ಕಡಿಯುವಂತಿಲ್ಲ. ದೂರು ಕೇಳಲು ಗ್ರಾಹಕರ ವೇದಿಕೆಯೂ ಅದರ ಮೇಲೆ ಓಂಬುಡ್ಸ್‌ಮನ್ನರೂ ಇದ್ದಾರೆ. ಕೆಲವು ಕಂಪನಿಗಳು ನೋಟೀಸನ್ನು ಬಿಲ್ಲಿನಲ್ಲೇ ಅಚ್ಚು ಮಾಡುತ್ತವೆ, ಹಿಂದೆ ಮುಂದೆ ತಿರುಗಿಸಿ ನೋಡಿ.

ತೊಡಕು ಇರುವುದು ಇಲ್ಲೇ. ನಮ್ಮ ಕಡೆ ಬಿಲ್ಲೂ ನೋಟೀಸೂ ತಮಿಳಿನಲ್ಲಿ ಬರುತ್ತವೆ. ತಾಳವಾಡಿಯಲ್ಲೂ ನೀಲಗಿರಿಯ ಹಟ್ಟಿಗಳಲ್ಲೂ ಕನ್ನಡ ಮಾತ್ರ ಓದಬಲ್ಲ ಅಜ್ಜ ಅಜ್ಜಿಯರಿದ್ದಾರೆ. ಏನೂ ಓದಲಾರದವರೂ ಇದ್ದಾರೆ. ಅವರ ಪಾಲಿಗೆ 15 ದಿನದ ಅವಕಾಶ ಕಾಗದದ ಮೇಲೆ ಮಾತ್ರ. ತಮಿಳುನಾಡಿನಲ್ಲಿ ಎರಡು ತಿಂಗಳ ಬಿಲ್ಲಿನಲ್ಲಿ ಮನೆಗಳಿಗೆ ಮೊದಲ ಕೆಲವು ಯೂನಿಟ್ ಉಚಿತವೆಂಬುದು ನಿಜ. ಆದರೆ ಡಿಸೆಂಬರ್, ಜನವರಿಯಲ್ಲಿ ಉದಕಮಂಡಲದ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುವಾಗ, ಕಾಯಿಲೆಯವರಿರುವ ಮನೆಯಲ್ಲಿ ನೀರು ಕಾಯಿಸುವುದಕ್ಕೇ ಆ ಯೂನಿಟ್ಟುಗಳು ಮುಗಿದುಹೋಗಬಹುದು. ಕರೆಂಟ್ ಹೋದರೆ ಕೆಲವರು ಇದ್ದಿಲಿನ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯೊಳಗೆ ಇಟ್ಟುಕೊಂಡು ಮಲಗುತ್ತಾರೆ. ದಯವಿಟ್ಟು ಬೇಡ. ಅದರಿಂದ ಬರುವ ವಿಷಾನಿಲಕ್ಕೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ.

ಈ ಆಗಮನ ಕಾಲದ ವಲಯ ಕೂಟಗಳಲ್ಲಿ ತಮಿಳು ಓದಬಲ್ಲ ಒಬ್ಬ ಯುವಕನೋ ಯುವತಿಯೋ ಹಿರಿಯರ ಬಿಲ್ಲುಗಳನ್ನು ಓದಿ, ಕಡೆಯ ದಿನಾಂಕವನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದುಕೊಡಲಿ. ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು ನೆರವು ಕೊಡುವುದಾದರೆ ಆ ದಿನಾಂಕಕ್ಕೆ ಮೊದಲೇ ಕೊಡಲಿ. ಕಡಿದ ಮೇಲೆ ಮರುಜೋಡಣೆಯ ಶುಲ್ಕವೂ ಸೇರುತ್ತದೆ. ಬಾಕಿಯಿರುವವರು ನಾಚಿಕೆಯಿಂದ ನೋಟೀಸನ್ನು ಬಚ್ಚಿಡುವುದುಂಟು. ಆದ್ದರಿಂದ ಯಾರದ್ದು ಎಷ್ಟು ಬಾಕಿ ಎಂದು ಕೂಟದಲ್ಲಿ ಕೂಗಿ ಹೇಳುವುದು ಬೇಡ. ನೆರವಿಗೆ ಹೋದವರೂ ಬಾಗಿಲ ಹೊರಗೆ ನಿಂತು ಕರೆಯಲಿ, ಕಾಗದವನ್ನು ಮನೆಯವರೇ ತಂದು ತೋರಿಸಲಿ.