ಕಡಲಾಚೆಯ ರೂಪಾಯಿ

ಬೆಳ್ಳಿಯ ನಾಣ್ಯವನ್ನು ಕರಗಿಸಿದರೂ ಲೋಹದ ಬೆಲೆಯಾದರೂ ಉಳಿಯುತ್ತದೆ. ಕಾಗದದ ನೋಟಿಗೆ ಅಂತಹ ಆಸರೆಯಿಲ್ಲ. ಅದರ ಬೆಲೆಯೆಲ್ಲವೂ ಅದನ್ನು ಹೊರಡಿಸಿದವರ ವಾಗ್ದಾನದಲ್ಲಿದೆ. ಸ್ವದೇಶದಲ್ಲಿ ಈ ಸಂಗತಿ ಯಾರ ಗಮನಕ್ಕೂ ಬಾರದು. ಗಡಿ ದಾಟಿದ ಪ್ರಯಾಣಿಕನಿಗೆ ಮೊದಲ ದಿನವೇ ಅರಿವಾಗುತ್ತದೆ.

ಆದರೂ ನಮ್ಮ ರೂಪಾಯಿಗೆ ಒಂದು ಕಾಲದಲ್ಲಿ ಕಡಲಾಚೆಯೂ ಮನ್ನಣೆಯಿದ್ದಿತು. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಕುವೈತ್, ಬಹರೈನ್, ಕತಾರ್, ದುಬೈ ಮೊದಲಾದ ಕೊಲ್ಲಿ ನಾಡುಗಳ ಪೇಟೆಗಳಲ್ಲಿ ಭಾರತದ ನೋಟುಗಳೇ ಚಲಾವಣೆಯಲ್ಲಿದ್ದವು. ಮುಂಬಯಿಯಲ್ಲಿ ಹಡಗು ಹತ್ತಿದವನು ಅಲ್ಲಿಳಿದು, ಹಣ ಬದಲಿಸುವವನನ್ನು ಹುಡುಕದೆ, ಜೇಬಿನ ರೂಪಾಯಿಯಿಂದಲೇ ಖರ್ಜೂರ ಕೊಳ್ಳಬಹುದಾಗಿತ್ತು.

ಈ ಅನುಕೂಲವು ಕಳ್ಳಸಾಗಣೆಗಾರರಿಗೂ ಒದಗಿತು. ಅವರು ಕೊಲ್ಲಿಯಿಂದ ಚಿನ್ನವನ್ನು ಗುಟ್ಟಾಗಿ ಭಾರತಕ್ಕೆ ತಂದು ಮಾರಿ, ಬಂದ ನೋಟುಗಳ ಕಟ್ಟುಗಳನ್ನು ಮರಳಿ ಅಲ್ಲಿಗೇ ಒಯ್ಯುತ್ತಿದ್ದರು. ಆ ನೋಟುಗಳು ಬ್ಯಾಂಕುಗಳ ಮೂಲಕ ರಿಸರ್ವ್ ಬ್ಯಾಂಕಿಗೆ ಬಂದಾಗ ಅವಕ್ಕೆ ಪ್ರತಿಯಾಗಿ ಬ್ರಿಟಿಷ್ ಪೌಂಡುಗಳನ್ನು ಕೊಡಬೇಕಾಗುತ್ತಿತ್ತು. ಹೀಗೆ, ಯಂತ್ರಗಳನ್ನೂ ಧಾನ್ಯವನ್ನೂ ಕೊಳ್ಳಬೇಕಾಗಿದ್ದ ವಿದೇಶೀ ವಿನಿಮಯವು ಯಾರದೋ ಚಿನ್ನಕ್ಕೆ ಸೋರಿಹೋಯಿತು.

ಈ ಸೋರಿಕೆಯನ್ನು ತಡೆಯಲು 1959ರಲ್ಲಿ ಕೊಲ್ಲಿ ನಾಡುಗಳಿಗೆಂದೇ ಬೇರೆ ಬಣ್ಣದ ನೋಟುಗಳನ್ನು ಹೊರಡಿಸಲಾಯಿತು. ಅವು ಭಾರತದೊಳಗೆ ಚಲಾವಣೆಯಾಗುವಂತಿರಲಿಲ್ಲ. ಮೆಕ್ಕಾ ಯಾತ್ರಿಕರಿಗಾಗಿ ‘ಹಜ್’ ಎಂದು ಮುದ್ರಿಸಿದ 10 ಮತ್ತು 100 ರೂಪಾಯಿಗಳ ನೋಟುಗಳೂ ಬಂದವು. ಯಾತ್ರಿಕರು ಅವನ್ನು ಸೌದಿ ಅರೇಬಿಯದಲ್ಲಿ ರಿಯಾಲುಗಳಿಗೆ ಬದಲಿಸಿಕೊಳ್ಳುತ್ತಿದ್ದರು. ಬದುಕಿನಲ್ಲಿ ಒಮ್ಮೆ ಕೈಗೊಳ್ಳುವ ಯಾತ್ರೆಗೆಂದು ಕೂಡಿಟ್ಟ ಹಣಕ್ಕೆ ಇದು ಯುಕ್ತವಾದ ಏರ್ಪಾಡೇ ಸರಿ.

ದೊಡ್ಡ ಪೆಟ್ಟು ಬಿದ್ದುದು 1966ರ ಜೂನ್ 6ರಂದು. ಅಂದು ಭಾರತ ಸರ್ಕಾರವು ರೂಪಾಯಿಯನ್ನು ಅಪಮೌಲ್ಯಗೊಳಿಸಿತು. ಅದುವರೆಗೆ 4 ರೂಪಾಯಿ 76 ಪೈಸೆಗೆ ದೊರೆಯುತ್ತಿದ್ದ ಒಂದು ಡಾಲರಿಗೆ 7 ರೂಪಾಯಿ 50 ಪೈಸೆ ತೆರಬೇಕಾಯಿತು. ನೂರು ರೂಪಾಯಿಯ ನೋಟು 21 ಡಾಲರುಗಳ ಬದಲು 13 ಡಾಲರುಗಳಿಗಿಂತ ತುಸು ಹೆಚ್ಚಷ್ಟೇ ಬಾಳಿತು. ನೋಟಿನ ಮೇಲಿನ ಅಂಕಿ ಮಾತ್ರ ಹಾಗೆಯೇ ಇತ್ತು! ಕೊಲ್ಲಿಯ ರೂಪಾಯಿಯೂ ಅದರೊಡನೆ ಇಳಿಯಿತು. ದೆಹಲಿಯಲ್ಲಾದ ತೀರ್ಮಾನದಿಂದ ದುಬೈಯ ಅಂಗಡಿಕಾರನ ಗಲ್ಲಾಪೆಟ್ಟಿಗೆ ಹಗುರವಾಯಿತು. ಕುವೈತ್ 1961ರಲ್ಲಿಯೂ ಬಹರೈನ್ 1965ರಲ್ಲಿಯೂ ತಮ್ಮ ದಿನಾರುಗಳನ್ನು ತಂದುಕೊಂಡಿದ್ದವು. ಕತಾರ್, ದುಬೈಗಳು 1966ರಲ್ಲಿ ರೂಪಾಯಿಯನ್ನು ತೊರೆದವು. ಒಮಾನಿನಲ್ಲಿ ಅದು 1970ರವರೆಗೆ ಉಳಿಯಿತು.

ಇಂದು ಮಂಗಳೂರಿನಿಂದ ದುಬೈಗೆ ಹೋಗುವವನು ನಗದು ಖರ್ಚಿಗೆ ಸಾಮಾನ್ಯವಾಗಿ ದಿರಹಮನ್ನು ಕೊಳ್ಳಬೇಕಾಗುತ್ತದೆ. ವಿನಿಮಯದ ಅಂಗಡಿಯ ಫಲಕದಲ್ಲಿ ಕೊಳ್ಳುವ ದರ, ಮಾರುವ ದರ ಎಂದು ಎರಡು ಅಂಕಿಗಳಿರುತ್ತವೆ. ಇವುಗಳ ನಡುವಣ ಅಂತರವೇ ವರ್ತಕನ ಲಾಭ. ಅಗತ್ಯಕ್ಕಿಂತ ಹೆಚ್ಚು ಬದಲಿಸಿ, ಮಿಕ್ಕುದನ್ನು ಹಿಂದಿರುಗುವಾಗ ಮತ್ತೆ ರೂಪಾಯಿ ಮಾಡಿಸಿಕೊಳ್ಳುವವನು ಈ ಅಂತರವನ್ನು ತನ್ನ ಕೈಯಿಂದಲೇ ತೆರುತ್ತಾನೆ. ಚಿಲ್ಲರೆ ನಾಣ್ಯಗಳನ್ನಂತೂ ಸಾಮಾನ್ಯವಾಗಿ ಮರಳಿ ಕೊಳ್ಳುವವರೇ ಇಲ್ಲ.