ಫೋನಿನಲ್ಲಿ ಹೊಸ ವಿಷಯ ತಿಳಿಸುವುದು ಹೇಗೆ?

ಊರಿನಲ್ಲಿರುವ ಅಮ್ಮನಿಗೆ ಡಾಕ್ಟರು ಬಿಪಿ ಮಾತ್ರೆ ಬದಲಿಸಿದ್ದಾರೆ. ಚೀಟಿ ಬೆಂಗಳೂರಿನ ಮಗನ ಮೊಬೈಲಿಗೆ ಬಂದಿದೆ. ಅವನು ಅದನ್ನು ಫೋನಿನಲ್ಲಿ ತಿಳಿಸಬೇಕು. ಎರಡು ನಿಮಿಷದ ಮಾತು, ಆದರೆ ಎಡವಟ್ಟಾಗುವುದು ಇಲ್ಲೇ.

ಮೊದಲು, ಅಮ್ಮನಿಗೆ ಗೊತ್ತಿರುವುದರಿಂದ ಶುರು ಮಾಡಿ. ‘ಬೆಳಿಗ್ಗೆ ತಿಂಡಿ ಆದ್ಮೇಲೆ ಒಂದು ಬಿಳಿ ಮಾತ್ರೆ ತಗೋತೀಯಲ್ಲ?’ ಎಂದು ಕೇಳಿ ನಿಲ್ಲಿಸಿ. ‘ಹೂಂ, ಸಣ್ಣದು’ ಎಂದು ಆ ಕಡೆಯಿಂದ ಬಂದ ಮೇಲೆಯೇ ಹೊಸದನ್ನು ಹೇಳಿ: ‘ಡಾಕ್ಟರು ಅದು ಬೇಡ ಅಂದಿದ್ದಾರೆ. ಅದರ ಬದಲು ಗುಲಾಬಿ ಬಣ್ಣದ್ದು.’ ‘ಪಕ್ಕದ ಮನೆ ಸರೋಜಮ್ಮ ಇದ್ದಾರಲ್ಲ...’ ಎಂದು ಸುದ್ದಿ ತೆಗೆಯುವ ನಮ್ಮ ಹೆಂಗಸರಿಗೆ ಈ ಪಾಠ ಯಾರೂ ಹೇಳಿಕೊಡಬೇಕಿಲ್ಲ. ಅವಸರದ ಮಕ್ಕಳಿಗೆ ಬೇಕು.

ಒಂದು ಸಲಕ್ಕೆ ಒಂದೇ ಸಂಗತಿ. ಮಾತ್ರೆ, ಹೊತ್ತು, ಮುಂದಿನ ತಪಾಸಣೆ ಮೂರನ್ನೂ ಒಂದೇ ಉಸಿರಿಗೆ ಹೇಳಬೇಡಿ.

ಗುಲಾಬಿ ಮಾತ್ರೆ ಎಂದು ಒಮ್ಮೆ ಕರೆದರೆ ಕೊನೆಯವರೆಗೂ ಹಾಗೇ ಕರೆಯಿರಿ, ನಡುವೆ ಕಂಪನಿಯ ಹೆಸರಿಗೆ ಹಾರಬೇಡಿ. ಇಬ್ಬರೂ ಒಪ್ಪಿದ ಹೆಸರಿನ ಬಲ ಎಷ್ಟೆಂಬುದನ್ನು ಅಮೆರಿಕದ ಮನೋವಿಜ್ಞಾನಿಗಳಾದ ಹರ್ಬರ್ಟ್ ಕ್ಲಾರ್ಕ್ ಮತ್ತು ಡಿಯಾನಾ ವಿಲ್ಕ್ಸ್-ಗಿಬ್ಸ್ 1986ರಲ್ಲಿ ತೋರಿಸಿದರು. ಒಬ್ಬರಿಗೊಬ್ಬರು ಕಾಣದಂತೆ ಇಬ್ಬರನ್ನು ಕೂರಿಸಿ, 12 ವಿಚಿತ್ರ ಆಕೃತಿಗಳನ್ನು ಒಬ್ಬರು ವರ್ಣಿಸಬೇಕು, ಇನ್ನೊಬ್ಬರು ಅದೇ ಕ್ರಮದಲ್ಲಿ ಜೋಡಿಸಬೇಕು ಎಂದರು. ಮೊದಲ ಸುತ್ತಿನಲ್ಲಿ ಒಂದೊಂದು ಆಕೃತಿಗೆ ಸರಾಸರಿ 40ರಷ್ಟು ಪದ ಬೇಕಾಯಿತು. ಆರನೇ ಸುತ್ತಿಗೆ ಎಂಟರಷ್ಟು ಸಾಕಾಯಿತು. ಅಷ್ಟು ಹೊತ್ತಿಗೆ ಪ್ರತಿ ಆಕೃತಿಗೂ ಇಬ್ಬರೂ ಸೇರಿ ಒಂದು ಚುಟುಕು ಹೆಸರು ಇಟ್ಟುಕೊಂಡಿದ್ದರು.

ಇನ್ನು ಮುಖ್ಯವಾದದ್ದು. ‘ಅರ್ಥ ಆಯ್ತಾ?’ ಎಂದು ಕೇಳಲೇಬೇಡಿ. ಮಗನಿಗೆ ಬೇಜಾರಾಗಬಾರದೆಂದು ಅಮ್ಮ ‘ಆಯ್ತು’ ಎಂದೇ ಅನ್ನುತ್ತಾಳೆ. ‘ನಾಳೆ ಬೆಳಿಗ್ಗೆ ಯಾವ ಮಾತ್ರೆ ತಗೋತೀಯ, ಹೇಳು ನೋಡೋಣ’ ಎನ್ನಿ. ‘ಬಿಳಿದು ತಗೊಂಡು, ಆಮೇಲೆ ಗುಲಾಬಿದು’ ಎಂಬ ಉತ್ತರ ಬಂದರೆ ಬದಲಾವಣೆ ತಲುಪಿಲ್ಲ ಎಂದರ್ಥ. ಆಗ ಅದೇ ಮಾತನ್ನು ದನಿ ಏರಿಸಿ ಹೇಳಿ ಫಲವಿಲ್ಲ. ‘ಬಿಳಿ ಮಾತ್ರೆ ಎಲ್ಲಿಟ್ಟಿದ್ದೀಯ? ಅದನ್ನ ಈಗಲೇ ಬೇರೆ ತೆಗೆದಿಡು’ ಎಂದು ದಾರಿ ಬದಲಿಸಿ. ವಿಮಾನ ಚಾಲಕರು ನಿಯಂತ್ರಣ ಕೊಠಡಿಯ ಸೂಚನೆಯನ್ನು ತಿರುಗಿ ಹೇಳುವುದೂ ತಪ್ಪು ಕೇಳಿಸಿಕೊಂಡಿದ್ದರೆ ಅಲ್ಲೇ ಗೊತ್ತಾಗಲೆಂದು. ಡಾಕ್ಟರುಗಳಿಗೂ ರೋಗಿಯ ಬಾಯಲ್ಲೇ ಹೇಳಿಸುವ ಈ ಕ್ರಮವನ್ನು ಕಲಿಸುತ್ತಾರೆ.

ವಾಟ್ಸ್‌ಆ್ಯಪ್‌ನಲ್ಲಿ ಚೀಟಿಯ ಫೋಟೊ ಕಳಿಸಿ ನೀಲಿ ಟಿಕ್ ಕಂಡೊಡನೆ ನಿರಾಳರಾಗಬೇಡಿ. ಅದು ನೋಡಿದ್ದಕ್ಕಷ್ಟೇ ಗುರುತು. ಮಾತ್ರೆಯ ವಿಷಯವಾದರೆ ಫೋನ್ ಮಾಡಿ, ಅಮ್ಮನ ಬಾಯಿಂದಲೇ ಒಮ್ಮೆ ಹೇಳಿಸಿ.